ಮತ್ತೆ ಬಂದಳು ನಾಗವಲ್ಲಿ

ಬೇಲೂರಿಗೆ ಬಂದವರು ಸಾಮಾನ್ಯವಾಗಿ ಅದೇ ದಿನ ಹಳೇಬೀಡಿಗೂ ಹೋಗುತ್ತಾರೆ. ನಡುವೆ ಇರುವುದು ಹದಿನಾರು ಕಿಲೋಮೀಟರು. ಅಲ್ಲಿ ಹಿರಣ್ಯಕಶಿಪುವಿನ ಕರುಳು ಬಗೆದ ನರಸಿಂಹ ಇಲ್ಲೂ ಬಗೆಯುತ್ತಾನೆ. ಅಲ್ಲಿ ಕೈಲಾಸವೆತ್ತಿದ ರಾವಣ ಇಲ್ಲೂ ಎತ್ತುತ್ತಾನೆ. ‘ಇದನ್ನು ಆಗಲೇ ನೋಡಿಯಾಯಿತಲ್ಲ’ ಎಂದು ಯಾರೂ ರೈಲು ಹಿಡಿಯಲು ಅರಸೀಕೆರೆಗೆ ಹೊರಟುಬಿಡುವುದಿಲ್ಲ. ಈ ಸಲ ಬೆಟ್ಟದ ಮೇಲೆ ಯಾರು ಯಾರಿದ್ದಾರೆ, ರಾವಣನ ತಲೆಗಳನ್ನು ಹೇಗೆ ಜೋಡಿಸಿದ್ದಾರೆ ಎಂದು ಕತ್ತೆತ್ತಿ ನೋಡುತ್ತಾರೆ. ಚೆನ್ನಕೇಶವನ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ. ಹೊಯ್ಸಳೇಶ್ವರದ ಕೆಲಸ ಶುರುವಾದದ್ದು ೧೧೨೧ರ ಸುಮಾರಿಗೆ. ಒಂದಿದ್ದ ಗರ್ಭಗುಡಿ ಎರಡಾಯಿತು, ಗೋಡೆಯ ಕೆತ್ತನೆ ಇನ್ನಷ್ಟು ಒತ್ತಾಯಿತು. ಸಿನಿಮಾದವರ ಮಾತಿನಲ್ಲಿ ಹೇಳುವುದಾದರೆ ಹಳೇಬೀಡು ಬೇಲೂರಿನ ‘ಭಾಗ ಎರಡು’!

ಕಲ್ಲಿನಲ್ಲಿ ಮೆಚ್ಚುವ ಈ ಗುಣವನ್ನು ತೆರೆಯ ಮೇಲೆ ಕಂಡರೆ ಮಾತ್ರ ಮೂಗು ಮುರಿಯುತ್ತೇವೆ, ಅದರಲ್ಲೂ ದೆವ್ವದ ಚಿತ್ರವಾದರೆ. ೨೦೧೦ರಲ್ಲಿ ಬಂದ ‘ಆಪ್ತರಕ್ಷಕ’ವನ್ನೇ ನೋಡಿ. ಅದು ೨೦೦೪ರ ‘ಆಪ್ತಮಿತ್ರ’ದ ಮುಂದುವರಿಕೆ, ಎರಡಕ್ಕೂ ಪಿ. ವಾಸು ನಿರ್ದೇಶಕರು. ಮೊದಲನೆಯದರ ಬೇರು ೧೯೯೩ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನಲ್ಲಿದೆ. ದೆವ್ವದ ಕಥೆ ಎಂದು ಪ್ರೇಕ್ಷಕನನ್ನು ಕರೆದು ಕೂರಿಸಿ, ಕೊನೆಗೆ ‘ದೆವ್ವ ಗಂಗಾಳ ಮನಸ್ಸಿನೊಳಗಿದೆ’ ಎಂದು ಮನೋವೈದ್ಯನ ಕೈಗೆ ಒಪ್ಪಿಸುವುದು ಅದರ ಜಾಣತನ. ಆದರೆ ಇಂಥ ಗುಟ್ಟನ್ನು ಒಂದೇ ಸಲ ಬಿಚ್ಚಲು ಸಾಧ್ಯ. ಎರಡನೇ ಭಾಗ ಏನು ಮಾಡಬೇಕು?

ವಾಸು ರೋಗಿಯನ್ನು ಬಿಟ್ಟು ಪಟವನ್ನು ಹಿಡಿದುಕೊಂಡರು. ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಬಂತು; ಅದರ ಹಿಂದೆ ಡಾಕ್ಟರೂ ಬಂದರು. ಲೆಕ್ಕಕ್ಕೆ ಎಂದೋ ಸತ್ತಿರಬೇಕಾಗಿದ್ದ ರಾಜ ವಿಜಯ ರಾಜೇಂದ್ರ ಬಹದ್ದೂರ್ ಇನ್ನೂ ಬದುಕಿರುವುದೂ ಬಯಲಾಯಿತು. ಮನಶ್ಶಾಸ್ತ್ರ ಹಿಂದೆ ಸರಿದು ಸಾಹಸ ಮುಂದೆ ಬಂತು. ತರ್ಕ ಹುಡುಕುವವರಿಗೆ ಮೊದಲನೆಯದೇ ವಾಸಿ, ಅದರಲ್ಲಿ ಸಂಶಯವಿಲ್ಲ. ಮಜಾ ಬೇಕಾದವರಿಗೆ ಎರಡನೆಯದು.

ಈ ಮಜಾ ಬರುವುದು ಎಲ್ಲಿಂದ? ಪಟ ಕಂಡ ಕೂಡಲೇ ಮುಂದೇನು ಕಾದಿದೆ ಎಂಬುದು ಆ ಮನೆಯವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಮೊದಲ ಭಾಗದಲ್ಲಿ ಪಾತ್ರಗಳ ಜೊತೆ ಹೆದರಿದ ಪ್ರೇಕ್ಷಕ ಈಗ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಕೀಚಕ ಸಾಯುತ್ತಾನೆಂದು ತಿಳಿದೂ ಬಯಲಾಟಕ್ಕೆ ರಾತ್ರಿಯಿಡೀ ಕೂರುವವನ ಸುಖವೂ ಇಂಥದೇ. ‘ಏನಾಗುತ್ತದೆ’ ಎಂಬ ಪ್ರಶ್ನೆ ತೀರಿದ ಮೇಲೆ ‘ಹೇಗೆ ಮಾಡುತ್ತಾರೆ’ ಎಂಬುದು ಉಳಿಯುತ್ತದೆ. ಡಾಕ್ಟರ್ ಮತ್ತು ರಾಜ ಇಬ್ಬರೂ ವಿಷ್ಣುವರ್ಧನರೇ ಆಗಿರುವಾಗ ನೋಡುವುದಕ್ಕೆ ಕೊರತೆಯೇನು?

ಆದರೆ ಈ ಎರಡು ಚಿತ್ರಗಳಿಗೆ ಬೇರೆಯೇ ಒಂದು ನೆರಳು ತಗುಲಿಕೊಂಡಿತು. ಗಂಗಾಳ ಪಾತ್ರ ಮಾಡಿದ ಸೌಂದರ್ಯ ೨೦೦೪ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ತೆರೆ ಕಂಡದ್ದು ಆಗಸ್ಟ್‌ನಲ್ಲಿ. ೨೦೦೯ರ ಡಿಸೆಂಬರ್ ೩೦ರಂದು ಮೈಸೂರಿನಲ್ಲಿ ವಿಷ್ಣುವರ್ಧನ್ ಹೃದಯಾಘಾತದಿಂದ ಹೋದರು. ‘ಆಪ್ತರಕ್ಷಕ’ ಬಂದದ್ದು ಫೆಬ್ರುವರಿಯಲ್ಲಿ. ಎಲ್ಲ ನಾಗವಲ್ಲಿಯ ಕಾಟವೆಂದು ಜನ ಆಡಿಕೊಂಡರು. ದೆವ್ವವಿಲ್ಲ, ಇರುವುದು ಕಾಯಿಲೆ ಎಂದು ಬಿಡಿಸಿ ಹೇಳಿದ ಚಿತ್ರಕ್ಕೇ ಈ ಗತಿ. ಐದು ವರ್ಷಗಳ ಅಂತರದ ಎರಡು ಸಾವುಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಮೂರನೇ ಭಾಗವನ್ನು ಜನರೇ ಕಟ್ಟಿಬಿಟ್ಟರು.

ವಿಷ್ಣುವರ್ಧನರ ಇನ್ನೂರನೆಯ ಚಿತ್ರವೆಂದೇ ‘ಆಪ್ತರಕ್ಷಕ’ಕ್ಕೆ ಪ್ರಚಾರವಾಗಿತ್ತು. ನೋಡಲು ಹೋದವರಿಗೆ ಕಥೆಯ ಚಿಂತೆ ಅಷ್ಟಾಗಿ ಇದ್ದಿರಲಾರದು. ಅವರೆದುರು ತೆರೆಯ ಮೇಲೆ, ಸಾಯಲೊಲ್ಲದ ರಾಜನ ವೇಷದಲ್ಲಿ, ಎರಡು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದ ನಟ ನಗುತ್ತಿದ್ದ.