ಮೂರನೆಯವರ ಕಿವಿ

ಶಿವನ ಗುಡಿಯಲ್ಲಿ ದರ್ಶನ ಮುಗಿಸಿದವರು ನಂದಿಯ ಬಳಿ ಬಂದು ಬಗ್ಗುವುದನ್ನು ನೋಡಿರುತ್ತೀರಿ. ಕಲ್ಲಿನ ಬಸವನ ಕಿವಿಗೆ ಬಾಯಿ ಹತ್ತಿರ ತಂದು, ಅಂಗೈ ಮರೆಮಾಡಿ, ಮನಸ್ಸಿನ ಬೇಡಿಕೆಯನ್ನು ಉಸುರುತ್ತಾರೆ. ಕಲ್ಲಿನ ಕಿವಿಗೆ ಗಟ್ಟಿಯಾಗಿಯೇ ಹೇಳಬಹುದಿತ್ತಲ್ಲ! ಆದರೆ ಹಿಂದೆ ಸಾಲಿನಲ್ಲಿ ನಿಂತವರಿಗೂ ಕಿವಿಯಿದೆ. ಅಂಗೈ ಅಡ್ಡ ಬಂದಿರುವುದು ಅವರಿಗಾಗಿ. ಮಾತಿಗೆ ಇಬ್ಬರು ಸಾಕು. ಪಿಸುಮಾತಿಗೆ ಮೂವರು ಬೇಕು. ಹೇಳುವವರು, ಕೇಳುವವರು, ಕೇಳಬಾರದವರು.

ಪಿಸುಮಾತೆಂದರೆ ಸಣ್ಣ ದನಿಯ ಮಾತು ಎಂದುಕೊಂಡಿರುತ್ತೇವೆ. ಅದರಲ್ಲಿ ದನಿಯೇ ಇರುವುದಿಲ್ಲ. ಗಂಟಲ ಮೇಲೆ ಎರಡು ಬೆರಳಿಟ್ಟು 'ಅಮ್ಮಾ' ಎನ್ನಿ. ಒಳಗೆ ದುಂಬಿ ಸಿಕ್ಕಿಕೊಂಡಂತೆ ಅದುರುತ್ತದೆ. ಅದು ಧ್ವನಿತಂತುಗಳ ಕಂಪನ. ಈಗ ಅದನ್ನೇ ಪಿಸುಗುಟ್ಟಿ ನೋಡಿ, ದುಂಬಿ ಮಾಯ. ತಂತುಗಳು ಒಂದಕ್ಕೊಂದು ತಾಗಿ ಅದುರುವ ಬದಲು ನಡುವೆ ಸಣ್ಣ ಸಂದು ಬಿಟ್ಟು ನಿಂತಿವೆ. ಆ ಸಂದಿನಲ್ಲಿ ನುಗ್ಗುವ ಉಸಿರು ಸುಳಿಸುಳಿಯಾಗಿ 'ಸುಯ್' ಎನ್ನುತ್ತದೆ. ನಾಲಗೆ, ತುಟಿ, ದವಡೆ ಸೇರಿ ಆ ಸುಯ್ಲನ್ನೇ ತಿದ್ದಿ ಅಕ್ಷರ ಮಾಡುತ್ತವೆ. 'ಉಸುರು' ಎಂಬ ಕ್ರಿಯಾಪದಕ್ಕೆ 'ಹೇಳು' ಎಂಬ ಅರ್ಥ ಕೊಟ್ಟ ಕನ್ನಡ ಇಲ್ಲಿ ವಿಜ್ಞಾನಕ್ಕೆ ತಕ್ಕಂತೆಯೇ ಇದೆ.

ದನಿ ಹೋದರೆ ವರ್ಗಾಕ್ಷರಗಳ ಸಂಸಾರ ಏರುಪೇರಾಗುತ್ತದೆ. ವೇದೋಚ್ಚಾರದ ನಿಯಮ ಹೇಳುವ ಪ್ರಾತಿಶಾಖ್ಯಗಳ ಕಾಲದ ವ್ಯಾಕರಣಕಾರರು ಗಂಟಲು ಬಿಗಿದಾಗ ನಾದ, ತೆರೆದಾಗ ಶ್ವಾಸ ಎಂದು ಬೇರ್ಪಡಿಸಿದ್ದರು. ಗ, ಜ, ದ, ಬ ನಾದದವು. ಕ, ಚ, ತ, ಪ ಶ್ವಾಸದವು. ಪಿಸುಮಾತಿನಲ್ಲಿ ನಾದಕ್ಕೆ ರಜೆ. ಹಾಗಾಗಿ 'ಗುಸುಗುಸು' ಎಂಬ ಪದವನ್ನೇ ಗುಸುಗುಸು ಹೇಳಹೊರಟರೆ ಅದು 'ಕುಸುಕುಸು'ವಿನ ಹತ್ತಿರ ಹೋಗಿ ನಿಲ್ಲುತ್ತದೆ. 'ಪಿಸಪಿಸ'ಕ್ಕೆ ಆ ತೊಂದರೆಯಿಲ್ಲ. ಪ, ಸ ಎರಡೂ ಮೊದಲಿನಿಂದಲೇ ಉಸಿರಿನ ಅಕ್ಷರಗಳು. ಸ, ಶ ಗಳಿಗೆ ಬಿಟ್ಟುಕೊಡಲು ದನಿಯೇ ಇಲ್ಲವಾದ್ದರಿಂದ ಅವು ಪಿಸುಮಾತಿನಲ್ಲೂ ಅಷ್ಟಾಗಿ ತಗ್ಗುವುದಿಲ್ಲ. ಹಿಂದಿನ ಬೆಂಚಿನ ಹರಟೆ ಮೇಷ್ಟ್ರಿಗೆ ಮೊದಲು ಮುಟ್ಟುವುದು ಈ ಸಕಾರಗಳ ಮೂಲಕ.

ಗಂಟಲು ಕಟ್ಟಿದವರಿಗೆ 'ಮೆಲ್ಲಗೆ ಪಿಸುಗುಟ್ಟು ಸಾಕು' ಎಂದು ಮನೆಯವರು ಹೇಳುವುದುಂಟು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 100 ರೋಗಿಗಳ ಗಂಟಲನ್ನು ಕ್ಯಾಮೆರಾದಲ್ಲಿ ನೋಡಿದಾಗ, 69 ಮಂದಿಯಲ್ಲಿ ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆಯ ಬಿಗಿತ ಹೆಚ್ಚೇ ಆಗಿತ್ತು. ಬಾಯಿ ಮುಚ್ಚಿಕೊಂಡಿರುವುದೇ ವಾಸಿ.

ವಿಜಯಪುರದ ಗೋಳಗುಮ್ಮಟದಲ್ಲಂತೂ ಪಿಸುಮಾತನ್ನು ನಂಬುವಂತೆಯೇ ಇಲ್ಲ. ಗುಮ್ಮಟದ ಗೋಡೆಗೆ ಮುಖ ಮಾಡಿ ಉಸುರಿದ್ದು ಗೋಡೆಯನ್ನು ಸವರಿಕೊಂಡೇ ಸಾಗಿ ಎದುರು ಬದಿಯಲ್ಲಿ ನಿಂತವರ ಕಿವಿಗೆ ಬೀಳುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯ ಗುಟ್ಟನ್ನು ಮೊದಲು ಬಿಡಿಸಿದವರು ಭೌತವಿಜ್ಞಾನಿ ಲಾರ್ಡ್ ರೇಲಿ. 1921ರಲ್ಲಿ ಅಲ್ಲಿಗೆ ಹೋದ ಸಿ. ವಿ. ರಾಮನ್ ಕೂಡ ಸುಮ್ಮನಿರದೆ ಅಲ್ಲೇ ಪ್ರಯೋಗಕ್ಕೆ ಇಳಿದಿದ್ದರು.

ಇನ್ನು ಪ್ರಾಣಿಗಳ ಕಡೆ ಬರೋಣ. ಅಲ್ಲಿ 'ಕೇಳಬಾರದವನು' ಬಹುಮಟ್ಟಿಗೆ ತಿನ್ನಲು ಬಂದವನು. ಒಮ್ಮೊಮ್ಮೆ ತಿನ್ನಿಸಿಕೊಳ್ಳಬೇಕಾದವನು. ಬಾವಲಿಗಳು ಶಬ್ದ ಹೊಮ್ಮಿಸಿ, ಅದರ ಪ್ರತಿಧ್ವನಿಯಿಂದ ಬೇಟೆ ಹುಡುಕುತ್ತವೆ. ನಮಗೆ ಕೇಳದಿದ್ದರೂ ಅದು ಭರ್ಜರಿ ಕೂಗು. ಅನೇಕ ಪತಂಗಗಳು ಇದಕ್ಕೆ ಕಿವಿ ಬೆಳೆಸಿಕೊಂಡಿವೆ. ಕೆಲವಕ್ಕೆ ಒಂದೊಂದು ಕಿವಿಯಲ್ಲಿ ಎರಡೇ ನರಕೋಶ, ಆದರೆ ಜೀವ ಉಳಿಸಲು ಅಷ್ಟು ಸಾಕು. ಯುರೋಪಿನ ಬಾರ್ಬಸ್ಟೆಲ್ ಎಂಬ ಬಾವಲಿ ಇದಕ್ಕೆ ಪ್ರತಿತಂತ್ರ ಹೂಡಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ತೋರಿಸಿದಂತೆ, ಅದರ ಕೂಗಿನ ಅಲೆಯ ಎತ್ತರ ಇತರ ಬಾವಲಿಗಳದಕ್ಕಿಂತ 10ರಿಂದ 100 ಪಟ್ಟು ಕಡಿಮೆ. ದೂರದ ಬೇಟೆ ಇದರ ಪಾಲಿಗೆ ಇಲ್ಲ. ಬದಲಿಗೆ, ಪತಂಗಕ್ಕೆ ಸುಳಿವು ಸಿಗುವಷ್ಟರಲ್ಲಿ ಹಲ್ಲು ಹತ್ತಿರ ಬಂದಿರುತ್ತದೆ.

ಪತಂಗಗಳೂ ಕಡಿಮೆಯವಲ್ಲ. ಏಷ್ಯಾದ ಮೆಕ್ಕೆಜೋಳ ಕೊರಕದ ಗಂಡು ಹೆಣ್ಣಿನ ಪಕ್ಕಕ್ಕೇ ಬಂದು ರೆಕ್ಕೆಯ ವಿಶೇಷ ಹುರುಪೆಗಳನ್ನು ಎದೆಗೆ ಉಜ್ಜಿ ಅತಿ ಸಣ್ಣ ಶ್ರವಣಾತೀತ ಸದ್ದು ಹೊರಡಿಸುತ್ತದೆ ಎಂದು ಜಪಾನಿನ ರ್ಯೋ ನಕಾನೊ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಹೆಣ್ಣಿಗೆ ಕೇಳಬೇಕು, ಬಾವಲಿಗಾಗಲಿ, ಪಕ್ಕದ ಇನ್ನೊಂದು ಗಂಡಿಗಾಗಲಿ ಕೇಳಬಾರದು. ಪ್ರೇಮಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಬಹಳ ಹಿಡಿಸಿದ್ದು ತಿಮಿಂಗಿಲದ ಕಥೆ. ಗೂನುಬೆನ್ನಿನ ತಿಮಿಂಗಿಲವೆಂದರೆ ಸಮುದ್ರದ ಮಹಾ ಗಾಯಕ. ಗಂಡಿನ ಹಾಡು ಹಲವಾರು ಕಿಲೋಮೀಟರ್ ಸಾಗುತ್ತದೆ. ಅದೇ ಜಾತಿಯ ತಾಯಿ–ಮರಿಗಳು ಹೇಗೆ ಮಾತಾಡುತ್ತವೆ? ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಎಂಟು ಮರಿಗಳಿಗೂ ಇಬ್ಬರು ತಾಯಂದಿರಿಗೂ ಅಂಟಿಕೊಳ್ಳುವ ಪುಟ್ಟ ಧ್ವನಿಮುದ್ರಕಗಳನ್ನು ಹಚ್ಚಿ ಆಲಿಸಿದ ಸಿಮೋನ್ ವಿಡೆಸೆನ್ ತಂಡಕ್ಕೆ 2017ರ ಹೊತ್ತಿಗೆ ಉತ್ತರ ಸಿಕ್ಕಿತ್ತು. ಮರಿಯ ಸದ್ದು ಬರೀ ಕೀರಲು, ಗುರುಗುರು. 100 ಮೀಟರ್ ಆಚೆ ಕೇಳುವುದೂ ಕಷ್ಟ. ಹಾಲು ಬೇಕಾದಾಗ ಕೂಗುವುದನ್ನು ಬಿಟ್ಟು ಅಮ್ಮನ ಮೈಗೆ ಮೈ ಉಜ್ಜುತ್ತದೆ. ಸದ್ದು ಮಾಡಿದರೆ ಬೇಟೆಗಾರ ಓರ್ಕಾಗಳು ಬರಬಹುದು. ತಾಯಿಯನ್ನು ಕೂಡಲು ಹವಣಿಸುವ ಗಂಡು ತಿಮಿಂಗಿಲಗಳೂ ಬರಬಹುದು. ಮುಂದೆ ಅಂಟಾರ್ಕ್ಟಿಕಾದತ್ತ 8,000 ಕಿಲೋಮೀಟರಿಗೂ ಮೀರಿದ ಪಯಣವಿದೆ. ಅಷ್ಟರೊಳಗೆ ಮರಿ ಹಾಲು ಕುಡಿದು ಮೈ ತುಂಬಿಕೊಳ್ಳಬೇಕು. ಈ ಪಿಸುಮಾತಿನ ಮೇಲೆ ಹಡಗಿನ ಎಂಜಿನ್ನಿನ ಗದ್ದಲ ಬಿದ್ದರೆ ಅಮ್ಮನಿಗೆ ಮರಿ ಕೇಳಿಸದೆ ಹೋಗಬಹುದು ಎಂಬುದು ಸಂಶೋಧಕರ ಆತಂಕ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ಕೊಲಂಬಿಯಾ ಮೂಲದ ಹತ್ತಿತಲೆಯ ಟ್ಯಾಮರಿನ್ ಕೋತಿಗಳಿದ್ದವು. ಹಿಂದೆ ತಮ್ಮನ್ನು ಹಿಡಿಯುವ ಕೆಲಸದಲ್ಲಿದ್ದ ಮೇಲ್ವಿಚಾರಕನನ್ನು ಕಂಡರೆ ಅವಕ್ಕೆ ಆಗುತ್ತಿರಲಿಲ್ಲ. ಅವನು ಬಂದಾಗಿನ ಅರಚಾಟವನ್ನು ಅಧ್ಯಯನ ಮಾಡಲು ಹೊರಟ ರೇಚಲ್ ಮಾರಿಸನ್ ಮತ್ತು ಡಯಾನಾ ರೀಸ್ ಅವರಿಗೆ ಅರಚಾಟ ಸಿಗಲೇ ಇಲ್ಲ. ಮುದ್ರಿಕೆಗಳನ್ನು ವಿಶ್ಲೇಷಿಸಿದಾಗ ಗೊತ್ತಾಯಿತು: ಅವನೆದುರು ಅವು ದನಿ ತಗ್ಗಿಸಿ ಕರೆ ವಿನಿಮಯ ಮಾಡಿಕೊಳ್ಳುತ್ತಿದ್ದವು! 2013ರ ಈ ವರದಿ ಒಂದೇ ಗುಂಪಿನದು, ಹೆಚ್ಚು ಎಳೆದಾಡಬಾರದು. ಆದರೂ ಸಾಹೇಬರು ಒಳಗೆ ಕಾಲಿಟ್ಟೊಡನೆ ಕಚೇರಿಗೆ ಕವಿಯುವ ಗುಸುಗುಸು ನೆನಪಾಗದೆ ಇರದು.

ಇಷ್ಟೂ ಲೆಕ್ಕವನ್ನು ಕೆಡಿಸುವುದು ಉತ್ತರ ಅಮೆರಿಕದ ಸಾಂಗ್ ಸ್ಪ್ಯಾರೋ ಎಂಬ ಹಕ್ಕಿ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದರೆ ಅದು ಹಾಡುತ್ತದೆ, ರೆಕ್ಕೆ ಅಲುಗಿಸುತ್ತದೆ, ಏನೇನೋ ಮಾಡುತ್ತದೆ. ವಿಲಿಯಂ ಸಿಯರ್ಸಿ ಮತ್ತು ಸಂಗಡಿಗರು ಒಣಹುಲ್ಲು, ಹತ್ತಿಯಂಥದನ್ನು ತುಂಬಿದ ಸತ್ತ ಹಕ್ಕಿಯನ್ನು ಅದರ ಜಾಗದಲ್ಲಿಟ್ಟು ನೋಡಿದರು. ಮುಂದೆ ಮೇಲೆ ಬೀಳುವ ಹಕ್ಕಿ ಯಾವುದೆಂದು ನೆಚ್ಚಿಕೊಂಡು ಹೇಳಲು ಆಗಿದ್ದು ಒಂದೇ ಲಕ್ಷಣದಿಂದ: ಅದು ಮೊದಲು ಪಿಸುದನಿಯಲ್ಲಿ ಹಾಡಿರುತ್ತಿತ್ತು. ಇಲ್ಲಿ ಪಿಸುಮಾತು ಹೋಗಿದ್ದು ನೇರ ಶತ್ರುವಿನ ಕಿವಿಗೆ. ಆ ಕಿವಿಯೊಳಗೆ ಇದ್ದದ್ದು ಹತ್ತಿ. ಏಟು ಮಾತ್ರ ತಪ್ಪಲಿಲ್ಲ.