ಮುಳುಗಿದ ಹಡಗು, ಮುಳುಗದ ವ್ಯಾಪಾರ

ಹಬ್ಬದ ಸರಕಿನ ವ್ಯಾಪಾರ ಮಾಡುವವರಿಗೆ ಪಂಚಾಂಗವೇ ಯಜಮಾನ. ಹಬ್ಬದ ಮುನ್ನಾದಿನ ಕೈಗೆಟುಕದ ಬೆಲೆಯಿದ್ದ ವಸ್ತುವನ್ನು ಮರುದಿನ ಕೇಳುವವರಿರುವುದಿಲ್ಲ. ಇಂತಹ ವ್ಯಾಪಾರದ ಲಾಭವನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುವ ನೈಜ ಪ್ರಸಂಗವೊಂದು ಅಮೆರಿಕದ ಮಿಷಿಗನ್ ಸರೋವರದಲ್ಲಿ 1912ರಲ್ಲಿ ನಡೆಯಿತು. ಅಲ್ಲಿನ ಜನ ಇಂದಿಗೂ ಅದನ್ನು 'ಕ್ರಿಸ್‌ಮಸ್ ಮರದ ಹಡಗು' ಎಂದೇ ಸ್ಮರಿಸುತ್ತಾರೆ.

ದಲ್ಲಾಳಿಯಿಲ್ಲದ ಮಾರಾಟ

'ರೌಸ್ ಸಿಮನ್ಸ್' ಮೂರು ಕೂವೆಮರಗಳ ಹಾಯಿಹಡಗು. 1868ರಲ್ಲಿ ಮಿಲ್ವಾಕಿಯಲ್ಲಿ ನಿರ್ಮಾಣಗೊಂಡ ಇದು ಬಹುಕಾಲ ಮರಮುಟ್ಟುಗಳ ಸಾಗಣೆಯಲ್ಲಿ ದುಡಿಯಿತು. ಇದರ ಕಪ್ತಾನ ಹರ್ಮನ್ ಶೂನೆಮನ್ ಪ್ರತಿವರ್ಷವೂ ಉತ್ತರದ ಕಾಡುಗಳಿಂದ ಮರಗಳನ್ನು ತುಂಬಿ ತಂದು, ಷಿಕಾಗೋದ ಕ್ಲಾರ್ಕ್ ಬೀದಿಯ ಸೇತುವೆಯ ಬಳಿ ಹಡಗನ್ನು ಕಟ್ಟಿ, ಅಟ್ಟದ ಮೇಲಿಂದಲೇ ಗ್ರಾಹಕರಿಗೆ ಮಾರುತ್ತಿದ್ದನು. ನಡುವೆ ದಲ್ಲಾಳಿಯಿಲ್ಲ, ಮಳಿಗೆಯ ಬಾಡಿಗೆಯಿಲ್ಲ. ಗ್ರಾಹಕನಿಗೆ ಬೆಲೆ ಅಗ್ಗ, ವ್ಯಾಪಾರಿಗೆ ಲಾಭ. ಬಡವರಿಗೆ ಮರಗಳನ್ನು ಉಚಿತವಾಗಿ ಕೊಡುತ್ತಿದ್ದನೆಂದೂ ಪ್ರತೀತಿ.

ಆದರೆ ಈ ಲಾಭದ ಬೆನ್ನಿಗೇ ಅಪಾಯವಿತ್ತು. ಹಬ್ಬಕ್ಕೆ ಹತ್ತಿರವಾಗಿ ಮರ ತರಬೇಕೆಂದರೆ ನವೆಂಬರ್ ತಿಂಗಳಲ್ಲೇ ಪಯಣಿಸಬೇಕು. ಸರೋವರದಲ್ಲಿ ಬಿರುಗಾಳಿ ಭೀಕರವಾಗಿರುವುದೂ ಅದೇ ತಿಂಗಳಲ್ಲಿ. ಹರ್ಮನ್‌ನ ಅಣ್ಣ ಆಗಸ್ಟ್ 1898ರಲ್ಲಿ ಇದೇ ವ್ಯಾಪಾರದಲ್ಲಿ ಹಡಗಿನೊಡನೆ ಮುಳುಗಿದ್ದನು.

ಕೊನೆಯ ಪಯಣ

1912ರ ನವೆಂಬರ್ 22ರಂದು ಸಾವಿರಾರು ಮರಗಳನ್ನು ಹೊತ್ತ ಹಡಗು ಮಿಷಿಗನ್‌ನ ಥಾಂಪ್ಸನ್ ಬಂದರಿನಿಂದ ಹೊರಟಿತು. ಹಡಗಿಗೆ ಆಗಲೇ 44 ವರ್ಷ ವಯಸ್ಸು. ಮರುದಿನ ಮಧ್ಯಾಹ್ನ ಕೆವಾನಿಯ ರಕ್ಷಣಾ ಠಾಣೆಯವರು ದೂರದಲ್ಲಿ ಅದರ ಅಪಾಯದ ಬಾವುಟವನ್ನು ಕಂಡರು. ಅವರ ಬಳಿ ಯಂತ್ರದ ದೋಣಿಯಿಲ್ಲದ ಕಾರಣ ದೂರವಾಣಿಯ ಮೂಲಕ ಟೂ ರಿವರ್ಸ್ ಠಾಣೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಹೊರಟ ದೋಣಿಗೆ ಹಡಗು ಸಿಗಲಿಲ್ಲ. ಒಬ್ಬರೂ ಬದುಕುಳಿಯಲಿಲ್ಲ.

ಮೀನುಗಾರರ ಬಲೆಗಳಿಗೆ ವರ್ಷಗಟ್ಟಲೆ ಮರಗಳು ಸಿಕ್ಕುತ್ತಿದ್ದವು. 1924ರಲ್ಲಿ ಬಲೆಯೊಂದರಲ್ಲಿ ಮೇಣಬಟ್ಟೆಯಲ್ಲಿ ಸುತ್ತಿದ ಕಪ್ತಾನನ ಕೈಚೀಲವೇ ದೊರೆಯಿತು. 1971ರಲ್ಲಿ ಕೆಂಟ್ ಬೆಲ್‌ರಿಚರ್ಡ್ ಎಂಬ ಮುಳುಗುಗಾರನು ಸುಮಾರು 170 ಅಡಿ ಆಳದಲ್ಲಿ ಹಡಗನ್ನು ಪತ್ತೆಮಾಡಿದಾಗ ಅದರ ಒಡಲಲ್ಲಿ ಮರಗಳಿನ್ನೂ ಉಳಿದಿದ್ದವು. ಬಿರುಗಾಳಿಯ ರಾತ್ರಿ ಆ ಹಡಗು ಕಾಣಿಸಿಕೊಳ್ಳುತ್ತದೆ ಎಂಬ ಕಥೆಗಳೂ ಹುಟ್ಟಿಕೊಂಡಿವೆ.

ಉಳಿದ ಬಂಡವಾಳ

ವಾಣಿಜ್ಯ ದೃಷ್ಟಿಯಿಂದ ಇದಕ್ಕಿಂತಲೂ ಮುಖ್ಯವಾದುದು ಮುಂದಿನ ಸಂಗತಿ. ಕಪ್ತಾನನ ಪತ್ನಿ ಬಾರ್ಬರಾ ಮೂವರು ಹೆಣ್ಣುಮಕ್ಕಳೊಡನೆ ವ್ಯಾಪಾರವನ್ನು ಮುಂದುವರಿಸಿದರು. ಕೆಲವು ವರ್ಷಗಳ ಬಳಿಕ ಸರಕನ್ನು ಹಡಗಿಗೆ ಬದಲಾಗಿ ರೈಲಿನಲ್ಲಿ ತರಿಸತೊಡಗಿದರು. ಅಪಾಯದ ಮಾರ್ಗವನ್ನು ಬಿಟ್ಟರು, ಗ್ರಾಹಕರನ್ನು ಬಿಡಲಿಲ್ಲ. 1933ರಲ್ಲಿ ನಿಧನರಾದ ಅವರ ಸಮಾಧಿಶಿಲೆಯ ಮೇಲೆ ಕ್ರಿಸ್‌ಮಸ್ ಮರವೊಂದನ್ನು ಕೆತ್ತಲಾಗಿದೆ. 2000ದಿಂದೀಚೆಗೆ ಅಮೆರಿಕದ ಕರಾವಳಿ ರಕ್ಷಣಾ ಪಡೆಯ ಹಡಗು ಬಡ ಕುಟುಂಬಗಳಿಗಾಗಿ ಷಿಕಾಗೋಗೆ ಮರಗಳನ್ನು ತರುತ್ತಾ ಆ ನೆನಪನ್ನು ಉಳಿಸಿದೆ.

ಹಬ್ಬದ ಗಡುವು ಎಷ್ಟೇ ಒತ್ತಾಯಿಸಿದರೂ ವಾಹನದ ವಯಸ್ಸನ್ನೂ ಋತುವಿನ ಮುನಿಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹೋದ ಸರಕನ್ನು ಮತ್ತೆ ತುಂಬಬಹುದು. ಹೋದ ಜೀವಗಳನ್ನು ತರಲಾಗದು. ಗ್ರಾಹಕರ ವಿಶ್ವಾಸವೊಂದು ಉಳಿದಿದ್ದರೆ, ಆ ತಾಯಿ-ಮಕ್ಕಳಂತೆ, ಅದರಿಂದಲೇ ಮತ್ತೆ ಅಂಗಡಿ ತೆರೆಯಬಹುದು.