ಕೈ ಬಿಡುವ ಮುನ್ನ
ಘಾಟಬೋರಾಳದ ನೆರೆಯ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಕಂಬದ ಸಾಧನೆಯ ಪ್ರಸ್ತಾಪವಿದೆ. ಮೈ ಹದವಾಗಿ ಜಾರಲೆಂದು ಮಲ್ಲಕಂಬಕ್ಕೆ ಔಡಲೆಣ್ಣೆ ಸವರುತ್ತಾರೆ, ತೊಡೆಯ ಬಿಗಿಯಿಂದ ಜಾರಿಕೆಯನ್ನು ಅಂಕೆಯಲ್ಲಿಡುತ್ತಾರೆ. ಜಿಮ್ನಾಸ್ಟಿಕ್ಸ್‌ನ ಅಡ್ಡಸರಳಿನಲ್ಲಿ ಇದು ತಿರುವುಮುರುವು: ಕೈ ಜಾರದಿರಲೆಂದು ಅಂಗೈಗೆ ಬಿಳಿ ಪುಡಿ, ಅಂಕೆಯೆಲ್ಲ ಹೆಗಲು-ಸೊಂಟಗಳಲ್ಲಿ.

ಜೋಲಿಯಲ್ಲಿ ಕೆಳಗಿಳಿಯುವಾಗ ಮೈ ನೀಳವಾಗಿ ಚಾಚಿದರೆ ಹೆಚ್ಚು ಬಲ ಕೂಡುತ್ತದೆ. ಮೇಲೇರುವಾಗ ಹೆಗಲು, ಸೊಂಟ ತುಸು ಮಡಿಸಿದರೆ ಮೈ ಸರಳಿಗೆ ಸಮೀಪವಾಗಿ ಸುತ್ತು ಪೂರ್ಣವಾಗುತ್ತದೆ. ವೇಗದ ಹೆಚ್ಚುಕಡಿಮೆ ತಿದ್ದಿಕೊಳ್ಳುವುದೂ ಇಲ್ಲೇ. ಕೈ ಬಿಟ್ಟ ಮೇಲೆ ಹಾರುವ ದಾರಿ ಬದಲಾಗದು. ಮುದುಡಿದರೆ ಬೇಗ, ಚಾಚಿದರೆ ನಿಧಾನ ತಿರುಗಬಹುದು, ಅಷ್ಟೆ. ಸರಳು ಮತ್ತೆ ಕೈಗೆ ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಬಿಡುವ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ.